ಜ್ವರ ಯಾರ ಖಾತೆಗೆ?

ನಮ್ಮ ಕೌದಳ್ಳಿ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಊರು. ನಡೆದು ಬಂದ ಪರಸೆಯವರಿಗೆ ನೀರು, ನೆರಳು ಕೊಟ್ಟು ಕಳಿಸಿದ ಊರು. ಅದೇ ಊರು 2021ರ ಏಪ್ರಿಲ್‌ನಲ್ಲಿ ನನ್ನ ನಾದಿನಿಯ ಮಗಳು ಬೆಂಗಳೂರಿನಿಂದ ಬಂದು ಬಸ್ಸಿಳಿದಾಗ ಬಾಗಿಲು ಹಾಕಿಕೊಂಡಿತು. ಹದಿನೈದು ದಿನದಲ್ಲಿ ನಾದಿನಿ ತೀರಿಕೊಂಡಳು. “ಮಗಳೇ ತಾಯಿನ ತಿಂದ್ಕೊಂಡ್ಲು” ಎಂದರು ಜನ.

ಹುಡುಗಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದವಳು. ಒಂದು ದಿನ ಬಾಯಿಬಿಟ್ಟಳು: “ಪಕ್ಕದ ಮಿಷಿನ್ನಿನವಳಿಗೆ ನಾಕು ದಿನದಿಂದ ಜ್ವರ ಇತ್ತು ಅತ್ತೆ. ರಜ ಕೇಳುದ್ರೆ, ಮಾತ್ರೆ ನುಂಗಿ ಕುಂತ್ಕೊ, ಟಾರ್ಗೆಟ್ ಮುಗೀಲಿ, ಯಾರ್ಗೂ ಯೋಳ್ಬೇಡ ಅಂದ್ರು. ನಂಗೆ ಮೈ ಕಾದಾಗ್ಲೂ ಅದೇ ಮಾತು.”

ಜ್ವರ ಹೊತ್ತು ತಂದವಳು ಇವಳು, ಒಪ್ಪಿದೆ. ಹೊರಿಸಿ ಕಳಿಸಿದವರು ಯಾರು?

ಇದಕ್ಕೆ ಕಾನೂನೇ ಇಲ್ಲ ಎಂದುಕೊಳ್ಳಬೇಡಿ. ಪ್ರಾಣಕ್ಕೆ ಅಪಾಯವಾದ ಸೋಂಕನ್ನು ಅಜಾಗ್ರತೆಯಿಂದ ಹರಡಿದರೆ ಆರು ತಿಂಗಳವರೆಗೆ ಸೆರೆ ಎಂದು ಬ್ರಿಟಿಷರ ಕಾಲದ ದಂಡಸಂಹಿತೆಯ 269ನೇ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಮಾಗಿದೆ. ಕಂಪನಿ ತಪ್ಪು ಮಾಡಿದರೆ ಅದನ್ನು ನಡೆಸುವವರೇ ಹೊಣೆ ಎನ್ನುತ್ತದೆ 2005ರ ವಿಪತ್ತು ನಿರ್ವಹಣಾ ಕಾಯಿದೆ. ನೌಕರರಿಗೆ ಸೋಂಕು ಬಂದರೆ ನಮ್ಮನ್ನು ಜೈಲಿಗೆ ಹಾಕುತ್ತಾರೆಂದು 2020ರಲ್ಲಿ ಮಾಲೀಕರು ಹೆದರಿದರು. ಒಪ್ಪಿಗೆ, ಅರಿವು ಅಥವಾ ನಿರ್ಲಕ್ಷ್ಯ ಇದ್ದರೆ ಮಾತ್ರ ಹೊಣೆ ಎಂದು ಕೇಂದ್ರ ಗೃಹ ಇಲಾಖೆ ಏಪ್ರಿಲ್ 23ರಂದೇ ಸಮಾಧಾನ ಹೇಳಿತು. ಆ ಮಾತು ನ್ಯಾಯವೇ. ಆದರೆ ನಿರ್ಲಕ್ಷ್ಯವನ್ನು ಸಾಬೀತು ಮಾಡುವವರು ಯಾರು? ಹೊಲಿಯುವ ಹುಡುಗಿಯೇ?

ನಮ್ಮ ಸೀಮೆಯ ನಂಜನಗೂಡನ್ನೇ ನೋಡಿ. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಜುಬಿಲೆಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಕಂಡಿತು. ಕೆಲವೇ ವಾರಗಳಲ್ಲಿ ನೌಕರರೂ ಮನೆಯವರೂ ಸೇರಿ ಎಪ್ಪತ್ತು ಮಂದಿ ದಾಟಿದರು. ಚೀನಾದಿಂದ ಬಂದ ಸರಕಿನ ಮೇಲೆ ಅನುಮಾನಪಟ್ಟರು. ಸರ್ಕಾರ ತನಿಖೆಗೆ ಹಿರಿಯ ಐಎಎಸ್ ಅಧಿಕಾರಿಯನ್ನು ನೇಮಿಸಿತು. ಸೋಂಕು ಎಲ್ಲಿಂದ ಬಂತೆಂಬುದು ಮಾತ್ರ ಖಚಿತವಾಗಲೇ ಇಲ್ಲ. ಆದ್ದರಿಂದ ಆ ಕಾರ್ಖಾನೆಯನ್ನು ತಪ್ಪಿತಸ್ಥ ಎನ್ನಲಾರೆ. ಅಷ್ಟು ದೊಡ್ಡ ಸರ್ಕಾರಕ್ಕೇ ಸಿಗದ ರೋಗದ ಮೂಲವನ್ನು ಬಡವಳೊಬ್ಬಳು ಕೋರ್ಟಿಗೆ ತಂದು ತೋರಿಸು ಎನ್ನುವುದು ಯಾವ ನ್ಯಾಯ, ನೀವೇ ಹೇಳಿ.

“ಬಸ್ಸಿನಲ್ಲೂ ಅಂಟಿರಬಹುದಲ್ಲ?” ಎನ್ನುತ್ತಾರೆ ಮಾಲೀಕರು. ಇರಬಹುದು. ಅದಕ್ಕೇ ನಾನು ಹೇಳುವುದು, ರೋಗಾಣುವಿನ ಜಾತಕ ಕೇಳಬೇಡಿ. ಹೋಟೆಲಿನ ಅಡುಗೆಮನೆ ಗಲೀಜಾಗಿದ್ದರೆ, ತಿಂದವರಲ್ಲಿ ಯಾರಿಗೆ ವಾಂತಿಯಾಯಿತೆಂದು ಕಾಯದೆ ದಂಡ ಹಾಕಲು ಕಾನೂನಿದೆ. ಕಾರ್ಖಾನೆಗೂ ಅಂಗಡಿಗೂ ಅದೇ ಅಳತೆ ಇರಲಿ. ಜ್ವರ ಬಂದವಳಿಗೆ ಸಂಬಳದ ರಜೆ ಕೊಟ್ಟಿರಾ? ಪಕ್ಕದಲ್ಲಿ ಕೂತವಳಿಗೆ ತಿಳಿಸಿದಿರಾ? ಕಿಟಕಿ ತೆಗೆಸಿದಿರಾ? ಮಾಡಿದ್ದನ್ನು ಮಾಲೀಕನೇ ದಾಖಲೆ ಸಮೇತ ತೋರಿಸಲಿ. ತೋರಿಸಿದರೆ ಅವನು ನಿರ್ದೋಷಿ. ಇಲ್ಲದಿದ್ದರೆ ಹೊಣೆ ಅವನದು.

ಆಸ್ಪತ್ರೆ, ಲ್ಯಾಬುಗಳಲ್ಲಿ ದುಡಿಯುವವರಿಗೆ ತಗಲಿದ ಸೋಂಕನ್ನು 1923ರ ಪರಿಹಾರ ಕಾಯಿದೆ ಕೆಲಸದ ಕಾಯಿಲೆ ಎಂದು ಒಪ್ಪಿತ್ತು. ಹೊಲಿಗೆಯವಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ನನ್ನ ನಾದಿನಿಯಂತೂ ಆ ಕಾರ್ಖಾನೆಯ ಗೇಟನ್ನೇ ಕಂಡವಳಲ್ಲ. ಅವಳ ಸಾವು ಯಾವ ರಿಜಿಸ್ಟರಿಗೂ ಸೇರುವುದಿಲ್ಲ. ಕೋವಿಡ್‌ನಿಂದ ಸತ್ತವರ ಮನೆಗೆ ಗೊತ್ತುಮಾಡಿದ 50,000 ರೂಪಾಯಿ ಸರ್ಕಾರದ ಹಣ, ಎಂದರೆ ನಮ್ಮ ನಿಮ್ಮ ತೆರಿಗೆ. ಲಾಭ ಒಬ್ಬರದು, ನಷ್ಟ ಊರಿನದು.

ಮಾಲೀಕರನ್ನು ಬೈದು ಮುಗಿಸಿದರೆ ಸಾಲದು. ಮನೆಗೆಲಸದವಳು “ಜ್ವರ ಕನಕ್ಕ” ಎಂದಾಗ ಆ ದಿನದ ಸಂಬಳ ಹಿಡಿದವಳು ನಾನೂ ಹೌದು. ಮರುದಿನ ಅವಳು ಜ್ವರ ಮುಚ್ಚಿಟ್ಟುಕೊಂಡು ಬಂದಳು. ಮುಚ್ಚಿಡುವುದನ್ನು ಅವಳಿಗೆ ಕಲಿಸಿದವಳು ನಾನೇ. ಈಗ ಹಾಗೆ ಸಂಬಳ ಹಿಡಿಯುವುದಿಲ್ಲ.

ಪ್ರತಿ ವರ್ಷ ತಾಯಿಯ ತಿಥಿಯ ದಿನ ಆ ಹುಡುಗಿ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ನಡುಮನೆಯಲ್ಲಿ ಕೂತವರ ಕಣ್ಣಿಗೆ ಹೆದರುತ್ತಾಳೆ. ಅವಳಿಗೆ ಜ್ವರವಿದ್ದಾಗಲೂ ಮಿಷಿನ್ನಿನ ಮುಂದೆ ಕೂರಿಸಿದವರು ಇವತ್ತಿಗೂ ಯಾರಿಗೂ ಹೆದರಬೇಕಾಗಿಲ್ಲ.