ಚಂದ್ರನ ಮೊಲ ಮಲಗಿರುವ ಬೋಗುಣಿ

ಹುಣ್ಣಿಮೆಯ ಚಂದ್ರನಲ್ಲಿ ಮೊಲವನ್ನು ಹುಡುಕದ ಮಕ್ಕಳಿಲ್ಲ. ಚಂದ್ರನಿಗೆ 'ಶಶಾಂಕ' ಎಂಬ ಹೆಸರು ಬಂದದ್ದೇ ಆ ಮೊಲದಿಂದ. ದೂರದರ್ಶಕದ ಕಾಲ ಬಂದಾಗ ಯುರೋಪಿನ ಪಂಡಿತರು ಅದೇ ಕಪ್ಪು ಕಲೆಗಳನ್ನು ಸಮುದ್ರಗಳೆಂದು ಕರೆದರು. 1651ರಲ್ಲಿ ಇಟಲಿಯ ರಿಚಿಯೋಲಿ ಅವಕ್ಕೆ ಮಳೆಯ ಸಮುದ್ರ, ಪ್ರಶಾಂತ ಸಮುದ್ರ ಎಂದೆಲ್ಲ ಹೆಸರಿಟ್ಟ. ಅಲ್ಲಿ ಮೊಲವೂ ಇಲ್ಲ, ಸಮುದ್ರವೂ ಇಲ್ಲ. ಇರುವುದು ಹೆಪ್ಪುಗಟ್ಟಿದ ಲಾವಾರಸ, ಅಂದರೆ ಕರಿಕಲ್ಲು. ಭೂವಿಜ್ಞಾನಿಗಳು ಇದನ್ನು ಬಸಾಲ್ಟ್ ಎನ್ನುತ್ತಾರೆ. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿದ್ದು ಇದೇ ಜಾತಿಯ ಕಲ್ಲಿನಿಂದ.

ಆದರೆ ಕರಿಕಲ್ಲಿನ ಈ ಮಡುಗಳು ಅಲ್ಲಿಗೆ ಬಂದದ್ದು ಹೇಗೆ? ಅವುಗಳಲ್ಲಿ ಹಲವು ಬೋಗುಣಿಯ ಹಾಗೆ ದುಂಡಗಿರುವುದು ಏಕೆ?

ಮೊದಲು ಸರಿಯಾದ ಉತ್ತರದ ಹತ್ತಿರ ಬಂದವನು ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್. 1892ರಲ್ಲಿ ಆತ ಹಲವು ರಾತ್ರಿ ದೂರದರ್ಶಕದ ಮುಂದೆ ಕುಳಿತು ಚಂದ್ರನನ್ನು ಪರಿಶೀಲಿಸಿದ. ಮಳೆಯ ಸಮುದ್ರದ ನಡುವಿನಿಂದ ಚಕ್ರದ ಅರಗಳಂತೆ ಹೊರಕ್ಕೆ ಚಾಚಿರುವ ಗೀರುಗಳು ಅವನ ಕಣ್ಣಿಗೆ ಬಿದ್ದವು. ಏನೋ ಒಂದು ದೊಡ್ಡ ಕಾಯ ಬಂದು ಅಪ್ಪಳಿಸಿ, ಅದರ ಚೂರುಗಳು ಸುತ್ತಲೂ ಸಿಡಿದು ನೆಲವನ್ನು ಉತ್ತಿರಬೇಕು ಎಂದು ಅವನು ಬರೆದ. ಆಗ ಹೆಚ್ಚಿನವರು ಒಪ್ಪಲಿಲ್ಲ. ಚಂದ್ರನ ಕುಳಿಗಳೆಲ್ಲ ಜ್ವಾಲಾಮುಖಿಗಳ ಬಾಯಿಗಳೆಂಬ ನಂಬಿಕೆಯೇ ಇನ್ನೂ ಅರ್ಧ ಶತಮಾನ ನಡೆಯಿತು.

ಎರಡನೆಯ ಹೆಜ್ಜೆಯ ಕಥೆ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹಿಡಿಸೀತು. 1960ರ ದಶಕದ ಆರಂಭದಲ್ಲಿ ಅರಿಜೋನ ವಿಶ್ವವಿದ್ಯಾನಿಲಯದಲ್ಲಿ ಜೆರಾರ್ಡ್ ಕೈಪರ್ ಎಂಬ ಖಗೋಳ ವಿಜ್ಞಾನಿಯ ಕೈಕೆಳಗೆ ವಿಲಿಯಂ ಹಾರ್ಟ್‌ಮನ್ ಎಂಬ ವಿದ್ಯಾರ್ಥಿಯಿದ್ದ. ಚಂದ್ರನ ಅಂಚಿನ ಭಾಗಗಳು ಭೂಮಿಯಿಂದ ಓರೆಯಾಗಿ ಕಾಣುವುದರಿಂದ ಅಲ್ಲಿನ ಆಕಾರಗಳು ಚಪ್ಪಟೆಯಾಗಿ ತೋರುತ್ತವೆ. ಆ ತಂಡ ಚಂದ್ರನ ಚಿತ್ರಗಳನ್ನು ಒಂದು ಬಿಳಿಯ ಗೋಲದ ಮೇಲೆ ಬೆಳಕಿನಿಂದ ಮೂಡಿಸಿ, ಪಕ್ಕಕ್ಕೆ ಹೋಗಿ ನಿಂತು ನೋಡಿತು. ಅದುವರೆಗೆ ಯಾರ ಗಮನಕ್ಕೂ ಸರಿಯಾಗಿ ಬಾರದಿದ್ದ ದೊಡ್ಡ ರಚನೆಯೊಂದು ಒಂದರೊಳಗೊಂದು ಬಳೆಗಳನ್ನು ಇಟ್ಟಂತೆ ಕಾಣಿಸಿತು. ಅದೇ ಓರಿಯಂಟೇಲ್ ಬೋಗುಣಿ. ಅಗಲ 930 ಕಿ.ಮೀ. 1962ರಲ್ಲಿ ಈ ಶೋಧ ಪ್ರಕಟವಾಯಿತು. ಹೊಸ ದೂರದರ್ಶಕ ಬೇಕಾಗಲಿಲ್ಲ; ನಿಂತ ಜಾಗ ಬದಲಾಯಿಸಿದ್ದೇ ಸಾಕಾಯಿತು!

ಅಡುಗೆಮನೆಯಲ್ಲಿ ಒಂದು ಅಪ್ಪಳಿಕೆ

ಬೋಗುಣಿ ಉಂಟಾಗುವ ಬಗೆಯನ್ನು ಸ್ವಲ್ಪ ಮಟ್ಟಿಗೆ ಮನೆಯಲ್ಲೇ ನೋಡಬಹುದು. ಅಗಲವಾದ ಪಾತ್ರೆಯಲ್ಲಿ ನಾಲ್ಕು ಬೆರಳಿನಷ್ಟು ಅಕ್ಕಿಹಿಟ್ಟು ಹರಡಿ. ಅದರ ಮೇಲೆ ತೆಳುವಾಗಿ ರಾಗಿಹಿಟ್ಟು ಉದುರಿಸಿ. ತೊಳೆದು ಒರೆಸಿದ ಗೋಲಿಯೊಂದನ್ನು ಒಂದು ಮೀಟರ್ ಎತ್ತರದಿಂದ ಬಿಡಿ. ಕುಳಿ ಬೀಳುವುದಷ್ಟೇ ಅಲ್ಲ, ಕೆಳಗಿದ್ದ ಬಿಳಿ ಹಿಟ್ಟು ಮೇಲೆದ್ದು ಕಂದು ಹಿಟ್ಟಿನ ಮೇಲೆ ಸುತ್ತಲೂ ಚೆಲ್ಲಿರುತ್ತದೆ. ಒಳಗಿದ್ದದ್ದು ಹೊರಗೆ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ ಪಾಠ. (ಹಿಟ್ಟು ಹಾಳಾಗದು, ಸಂಜೆಯ ರೊಟ್ಟಿಗೆ ಆಗುತ್ತದೆ.)

ಗೋಲಿ ಹಿಟ್ಟನ್ನು ಮುಟ್ಟುವ ವೇಗ ಸೆಕೆಂಡಿಗೆ ನಾಲ್ಕೂವರೆ ಮೀಟರಿಗಿಂತ ಕಡಿಮೆ. ಓರಿಯಂಟೇಲ್ ಬೋಗುಣಿಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದ ವಿಜ್ಞಾನಿಗಳು 2016ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅಲ್ಲಿ ಬಿದ್ದ ಕಾಯದ ಅಗಲ ಸುಮಾರು 64 ಕಿ.ಮೀ., ವೇಗ ಸೆಕೆಂಡಿಗೆ 15 ಕಿ.ಮೀ. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹತ್ತು ಸೆಕೆಂಡಿನೊಳಗೆ ತಲುಪಬಹುದು. ಇಂಥ ಹೊಡೆತಕ್ಕೆ ಸಿಕ್ಕ ಬಂಡೆ ಬರಿದೇ ಒಡೆಯುವುದಿಲ್ಲ, ಕರಗುತ್ತದೆ, ಆವಿಯಾಗುತ್ತದೆ. ಕುಳಿಯ ತಳ ಒತ್ತಿದ ರಬ್ಬರಿನಂತೆ ಮೇಲಕ್ಕೆ ಚಿಮ್ಮುತ್ತದೆ. ಅಂಚುಗಳು ಒಳಕ್ಕೆ ಕುಸಿಯುತ್ತವೆ. ಈ ಏರಿಳಿತದ ಗುರುತುಗಳೇ ಬಳೆಗಳಂತೆ ಕಾಣುವ ಪರ್ವತ ಸಾಲುಗಳು.

ಕಪ್ಪು ಕಲ್ಲು ಆಮೇಲೆ ಬಂದದ್ದು. ಬೋಗುಣಿ ಬಿದ್ದು ಬಹುಕಾಲವಾದ ಮೇಲೆ, ಆಳದಲ್ಲಿದ್ದ ವಿಕಿರಣಶೀಲ ಧಾತುಗಳ ಶಾಖದಿಂದ ಶಿಲೆ ಕರಗಿತು. ಆ ರಸ ಬಿರುಕುಗಳ ಮೂಲಕ ಮೇಲೆ ಬಂದು ತಗ್ಗುಗಳನ್ನು ತುಂಬಿತು. ಹಾಗಾಗಿ ಬೋಗುಣಿಯ ವಯಸ್ಸು ಬೇರೆ, ಅದರಲ್ಲಿ ಮಲಗಿರುವ ಮೊಲದ ವಯಸ್ಸು ಬೇರೆ.

ಬೋರ್‌ವೆಲ್ ತೋಡಿದಂತೆ

ಬೋರ್‌ವೆಲ್ ಕೊರೆಯುವಾಗ ಹೊರಬರುವ ಪುಡಿಯ ಬಣ್ಣ ನೋಡಿ ಒಳಗೆ ಯಾವ ಕಲ್ಲಿದೆ ಎಂದು ಹೇಳುವವರುಂಟು. ಚಂದ್ರನಲ್ಲಿ ಬೋಗುಣಿಗಳು ಮಾಡಿರುವುದೂ ಅದೇ ಕೆಲಸ. ಹತ್ತಾರು ಕಿ.ಮೀ. ಆಳದ ಸರಕನ್ನು ಅವು ಮೇಲಕ್ಕೆ ತಂದು ಹರಡಿವೆ.

ಒಳಗೆ ಏನಿರಬೇಕು ಎಂಬ ಊಹೆಗೆ ದಾರಿ ತೋರಿದ್ದು 1969ರಲ್ಲಿ ಅಪೊಲೊ 11 ತಂದ ಮಣ್ಣು. ಅದರಲ್ಲಿ ಕಪ್ಪು ಬಸಾಲ್ಟಿನ ಜೊತೆ ಬಿಳಿಯ ಚೂರುಗಳೂ ಸಿಕ್ಕವು. ಅದು ಅನಾರ್ಥೊಸೈಟ್ ಎಂಬ ಕಲ್ಲು. ಹೆಚ್ಚುಪಾಲು ಪ್ಲೇಜಿಯೊಕ್ಲೇಸ್ ಎಂಬ ಒಂದೇ ಖನಿಜದಿಂದ ಆದದ್ದು. ಇದರಿಂದ ವಿಜ್ಞಾನಿಗಳು ಒಂದು ತೀರ್ಮಾನಕ್ಕೆ ಬಂದರು. ಹುಟ್ಟಿದಾಗ ಚಂದ್ರನ ಹೊರಭಾಗವೆಲ್ಲ ಕರಗಿದ ಶಿಲೆಯ ಕಡಲಾಗಿತ್ತು. ಅದು ಆರುತ್ತ ಬಂದಂತೆ ಆಲಿವೀನ್, ಪೈರಾಕ್ಸೀನ್‌ಗಳಂಥ ಭಾರದ ಖನಿಜಗಳು ತಳಕ್ಕಿಳಿದವು. ಹಗುರವಾದ ಪ್ಲೇಜಿಯೊಕ್ಲೇಸ್ ಹಾಲಿನ ಮೇಲಿನ ಕೆನೆಯಂತೆ ತೇಲಿ ಹೊರಚಿಪ್ಪಾಯಿತು. ಚಂದ್ರ ಬೆಳ್ಳಗೆ ಕಾಣುವ ಭಾಗಗಳೆಲ್ಲ ಈ ಕೆನೆಯೇ. ಅನಾರ್ಥೊಸೈಟ್ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯಲ್ಲೂ ಇದೆ. ಚಂದ್ರನ ನೆಲದಂತಹ ಕೃತಕ ಮಣ್ಣನ್ನು ತಯಾರಿಸಲು ಇಸ್ರೊ ಅಲ್ಲಿನ ಕಲ್ಲನ್ನೇ ಪುಡಿಮಾಡಿಸಿತು. ಬೆಂಗಳೂರಿನ ಪರೀಕ್ಷಾಂಗಣದಲ್ಲಿ ಅದನ್ನು ಹಾಸಲಾಯಿತು.

ಈ ಊಹೆ ನಿಜವೇ ಎಂದು ಬೋಗುಣಿಗಳನ್ನು ಕೇಳಬಹುದು. ಪ್ರತಿ ಖನಿಜವೂ ಬಿಸಿಲಿನ ಅವಕೆಂಪು ಕಿರಣಗಳಲ್ಲಿ ತನಗೆ ಬೇಕಾದ ಕೆಲವನ್ನು ಹೀರಿ ಉಳಿದದ್ದನ್ನು ಹಿಂದಿರುಗಿಸುತ್ತದೆ. ಈ ಕೊರತೆಯೇ ಅದರ ಬೆರಳಚ್ಚು. ಚಂದ್ರನ ಸುತ್ತ ಹಾರುತ್ತಲೇ ರೋಹಿತಮಾಪಕದಿಂದ ಇದನ್ನು ಓದಬಹುದು. ಜಪಾನಿನ ಕಗುಯ ನೌಕೆ ಕೆಲವು ದೊಡ್ಡ ಬೋಗುಣಿಗಳ ಸುತ್ತ ಆಲಿವೀನನ್ನು ಗುರುತಿಸಿತು. 2008ರಲ್ಲಿ ಹೊರಟ ಭಾರತದ ಚಂದ್ರಯಾನ-1ರಲ್ಲಿದ್ದ ಅಮೆರಿಕದ ಖನಿಜ ನಕ್ಷೆಯ ಉಪಕರಣ, ಆಚೆಬದಿಯ ಮಾಸ್ಕೊವಿಯೆನ್ಸ್ ಬೋಗುಣಿಯ ಒಳಬಳೆಯಲ್ಲಿ ಮೆಗ್ನೀಸಿಯಂ ತುಂಬಿದ ಸ್ಪಿನೆಲ್ ಎಂಬ ಖನಿಜವನ್ನು ಪತ್ತೆಮಾಡಿತು. ಅಂಥ ಕಲ್ಲು ಚಂದ್ರನಲ್ಲಿದೆ ಎಂದು ಅದುವರೆಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬೋಗುಣಿ ಇರುವುದು ಆಚೆಬದಿಯಲ್ಲಿ, ದಕ್ಷಿಣ ಧ್ರುವದಿಂದ ಐಟ್ಕನ್ ಎಂಬ ಕುಳಿಯವರೆಗೆ. ಇದರ ಅಗಲ ಸುಮಾರು 2,500 ಕಿ.ಮೀ. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಶ್ರೀನಗರವನ್ನೂ ದಾಟುತ್ತದೆ. ಚಂದ್ರನ ವ್ಯಾಸವೇ 3,474 ಕಿ.ಮೀ. ಎಂಬುದನ್ನು ನೆನೆದರೆ ಈ ಗಾಯದ ಗಾತ್ರ ತಿಳಿದೀತು. ಇದರ ಪೂರ್ಣ ರೂಪ ಸ್ಪಷ್ಟವಾದದ್ದು 1994ರಲ್ಲಿ, ಕ್ಲೆಮೆಂಟೈನ್ ನೌಕೆ ಲೇಸರ್ ಕಿರಣದಿಂದ ನೆಲದ ಎತ್ತರ ತಗ್ಗುಗಳನ್ನು ಅಳೆದಾಗ.

23 ಆಗಸ್ಟ್ 2023ರಂದು ಚಂದ್ರಯಾನ-3 ಇಳಿದದ್ದು ಈ ಬೋಗುಣಿಯ ಒಳಗಲ್ಲ. ಅದರ ಹೊರಗೆ, ಅದು ಉಗಿದ ಸರಕು ಬಿದ್ದಿರಬಹುದಾದ ನೆಲದಲ್ಲಿ. ಪ್ರಜ್ಞಾನ್ ಗಾಡಿ ಸುಮಾರು ನೂರು ಮೀಟರ್ ಓಡಾಡಿ 23 ಕಡೆ ಮಣ್ಣಿನ ಧಾತುಗಳನ್ನು ಅಳೆಯಿತು. ಅಳೆದ ಉಪಕರಣವನ್ನು ತಯಾರಿಸಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ. 2024ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮಣ್ಣು ಬಹುಪಾಲು ಅನಾರ್ಥೊಸೈಟ್ ಜಾತಿಯದೇ. ಅಂದರೆ ಸಮಭಾಜಕದ ಬಳಿ ಅಪೊಲೊ ಯಾತ್ರಿಗಳಿಗೆ ಸಿಕ್ಕ ಕೆನೆ ದಕ್ಷಿಣದ ತುದಿಯ ಹತ್ತಿರವೂ ಇದೆ. ಆದರೆ ನಿರೀಕ್ಷೆಗಿಂತ ಹೆಚ್ಚು ಮೆಗ್ನೀಸಿಯಂ ಬೆರೆತಿತ್ತು. ದೊಡ್ಡ ಬೋಗುಣಿ ಆಳದಿಂದ ಎತ್ತಿ ಎಸೆದ ಸರಕಿನ ಪಾಲು ಅದು ಎಂಬುದು ಆ ವಿಜ್ಞಾನಿಗಳ ವಿವರಣೆ.

ವಯಸ್ಸಿನ ಜಗಳ

ಇನ್ನುಳಿದದ್ದು ಕಾಲದ ಪ್ರಶ್ನೆ. ಇಷ್ಟೊಂದು ಹೊಡೆತಗಳು ಬಿದ್ದದ್ದು ಯಾವಾಗ?

ಅಪ್ಪಳಿಕೆಯಲ್ಲಿ ಕಲ್ಲು ಕರಗಿದಾಗ ಅದರೊಳಗಿನ ವಿಕಿರಣಶೀಲ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅಂಥ ಕಲ್ಲು ಸಿಕ್ಕರೆ ಹೊಡೆತದ ವಯಸ್ಸು ಹೇಳಬಹುದು. ಅಪೊಲೊ ಯಾತ್ರಿಗಳು ಆರು ಕಡೆಗಳಿಂದ ಒಟ್ಟು 382 ಕಿಲೊ ಕಲ್ಲು ಮಣ್ಣು ತಂದರು. ಅವುಗಳಲ್ಲಿ ಚಿಕ್ಕಿಯಲ್ಲಿ ಶೇಂಗಾ ಅಂಟಿಕೊಂಡಂತೆ ಬೇರೆ ಬೇರೆ ಕಲ್ಲಿನ ಚೂರುಗಳು ಬೆಸೆದುಕೊಂಡಿದ್ದ ಅಪ್ಪಳಿಕೆ ಶಿಲೆಗಳು ಹೇರಳವಾಗಿದ್ದವು. 1972ರಲ್ಲಿ ಅಪೊಲೊ 16 ಇಳಿದ ಜಾಗದಲ್ಲಂತೂ ಜ್ವಾಲಾಮುಖಿಯ ಕಲ್ಲು ಸಿಗುವುದೆಂದು ಕಾದಿದ್ದವರಿಗೆ ಸಿಕ್ಕಿದ್ದು ಬರೀ ಇಂಥ ಕಲ್ಲು. ಇವುಗಳ ವಯಸ್ಸು ನೋಡಿದರೆ ಹೆಚ್ಚಿನವು 390 ಕೋಟಿ ವರ್ಷಗಳ ಆಸುಪಾಸಿನಲ್ಲೇ ಗುಂಪುಗೂಡಿದ್ದವು! ಹಾಗಾದರೆ ಚಂದ್ರ ಹುಟ್ಟಿ ಬಹುಕಾಲವಾದ ಮೇಲೆ ಒಮ್ಮೆಲೇ ಕಲ್ಲಿನ ಮಳೆ ಸುರಿದಿರಬೇಕು ಎಂದು 1974ರಲ್ಲಿ ತೇರಾ, ಪಾಪನಾಸ್ತಾಸಿಯು ಮತ್ತು ವಾಸರ್‌ಬರ್ಗ್ ಎಂಬ ವಿಜ್ಞಾನಿಗಳು ಸೂಚಿಸಿದರು. ಈ ಮಾತು ಪಠ್ಯಪುಸ್ತಕಗಳನ್ನೂ ಸೇರಿತು.

ಆದರೆ ಸಂಶಯಪಟ್ಟವರೂ ಇದ್ದರು. ಕಣದಲ್ಲಿ ರಾಗಿ ತೂರುವಾಗ ಸುತ್ತ ಆರು ಕಡೆ ಬುಟ್ಟಿ ಹಿಡಿದರೆ ಆರರಲ್ಲೂ ಒಂದೇ ರಾಗಿಯ ಹೊಟ್ಟು ಬೀಳುತ್ತದೆ. ಅದನ್ನು ನೋಡಿ ಊರಿನ ಹೊಲಗಳಲ್ಲೆಲ್ಲ ಒಂದೇ ಬೆಳೆ ಎನ್ನಲಾದೀತೆ? ಅಪೊಲೊ ಇಳಿದ ಆರೂ ತಾಣಗಳು ಈಚೆಬದಿಯವು. ಮಳೆಯ ಸಮುದ್ರದ ಬೋಗುಣಿಯಾದ ಇಂಬ್ರಿಯಂ ಸುಮಾರು 392 ಕೋಟಿ ವರ್ಷಗಳ ಹಿಂದೆ ಉಂಟಾದಾಗ ಅದರ ಚೂರುಗಳು ಇವೆಲ್ಲ ತಾಣಗಳ ಮೇಲೂ ಚೆಲ್ಲಿರಬಹುದು. ಹಾಗಿದ್ದರೆ ತಂದ ಕಲ್ಲುಗಳಲ್ಲಿ ಬಹಳಷ್ಟು ಒಂದೇ ಘಟನೆಯ ಸಾಕ್ಷಿಗಳು.

ಜಗಳ ತೀರಲು ದೂರದ ಸಾಕ್ಷಿ ಬೇಕಿತ್ತು. ಜೂನ್ 2024ರಲ್ಲಿ ಚೀನಾದ ಚಾಂಗ್'ಇ-6 ನೌಕೆ ಆಚೆಬದಿಯ ಆ ಮಹಾ ಬೋಗುಣಿಯೊಳಗೆ ಇಳಿದು 1,935 ಗ್ರಾಂ ಮಣ್ಣನ್ನು ಭೂಮಿಗೆ ತಂದಿತು. ಆಚೆಬದಿಯಿಂದ ಮಣ್ಣು ಬಂದದ್ದು ಅದೇ ಮೊದಲು. ಅದರಲ್ಲಿ ಸಿಕ್ಕ, ಅಪ್ಪಳಿಕೆಯಲ್ಲಿ ಕರಗಿ ಗಟ್ಟಿಯಾದ ನೋರೈಟ್ ಎಂಬ ಕಲ್ಲಿನ ಸಣ್ಣ ಚೂರುಗಳಲ್ಲಿ ಸೀಸದ ಐಸೊಟೋಪುಗಳನ್ನು ಅಳೆದು, ಬೋಗುಣಿಯ ವಯಸ್ಸು 425 ಕೋಟಿ ವರ್ಷ ಎಂದು ಚೀನಾದ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದರು. ಇಂಬ್ರಿಯಂಗಿಂತ ಅದು 30 ಕೋಟಿ ವರ್ಷಗಳಿಗೂ ಹೆಚ್ಚು ಹಳೆಯದು. ಎಲ್ಲ ಬೋಗುಣಿಗಳೂ ಒಂದೇ ಸುರಿಮಳೆಯಲ್ಲಿ ಆದವು ಎನ್ನುವುದು ಇನ್ನು ಕಷ್ಟ. ಮೊದಲಲ್ಲಿ ಜೋರಾಗಿದ್ದ ಮಳೆ ನಿಧಾನವಾಗಿ ಕಡಿಮೆಯಾಯಿತು ಎಂಬ ವಾದಕ್ಕೆ ಬಲ ಬಂದಿದೆ. ಆದರೂ ಒಂದು ಬೋಗುಣಿಯ ಸಾಕ್ಷಿಯಿಂದ ಮೊಕದ್ದಮೆ ಮುಗಿಯದು. ನಡುವಿನ ಕಾಲದ ಬೋಗುಣಿಗಳಿಂದಲೂ ಕಲ್ಲು ಬರಬೇಕು.

ಚಂದ್ರನಿಗೆ ಎಂದೋ ಬಿದ್ದ ಪೆಟ್ಟಿನ ತಾರೀಖು ಕಟ್ಟಿಕೊಂಡು ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಚಂದ್ರನ ಮೇಲೆ ಸುರಿದ ಮಳೆ ಭೂಮಿಯ ಮೇಲೂ ಸುರಿದಿದೆ. ಭೂಮಿ ದೊಡ್ಡದು, ಸೆಳೆತವೂ ಹೆಚ್ಚು. ಆದ್ದರಿಂದ ಇಲ್ಲಿಗೆ ಇನ್ನೂ ಹೆಚ್ಚು ಪೆಟ್ಟು ಬಿದ್ದಿರಬೇಕು. ಆದರೆ ಭೂಮಿ ತನ್ನ ಹಳೆಯ ಗಾಯಗಳನ್ನು ಅಳಿಸಿಕೊಂಡಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಶಾಲಾ ಮಕ್ಕಳು ಹತ್ತಿ ಆಡುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಮಟ್ಟಿಗೆ ಅದು ವೃದ್ಧ. ಚಂದ್ರನ ಆ ಬೋಗುಣಿಯ ಮುಂದೆ 125 ಕೋಟಿ ವರ್ಷ ಕಿರಿಯ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಸಿಕ್ಕಿರುವ ಜೀವಿಗಳ ಹಳೆಯ ಗುರುತುಗಳಿಗೆ ಸುಮಾರು 350 ಕೋಟಿ ವರ್ಷ. ಸುರಿಮಳೆ 390 ಕೋಟಿ ವರ್ಷಗಳ ಹಿಂದೆ ಆಗಿದ್ದರೆ ಜೀವ ಚಿಗುರಲು ಸಿಕ್ಕ ನೆಮ್ಮದಿಯ ಕಾಲ ಕಡಿಮೆ. ಮೊದಲೇ ತಗ್ಗುತ್ತ ಬಂದಿದ್ದರೆ ಹೆಚ್ಚು. ಭೂಮಿ ಹರಿದುಹಾಕಿದ ದಿನಚರಿಯ ಪುಟಗಳು ಚಂದ್ರನಲ್ಲಿ ಮಾತ್ರ ಉಳಿದಿವೆ.

ಮುಂದಿನ ಹುಣ್ಣಿಮೆಗೆ ಮಕ್ಕಳೊಂದಿಗೆ ತಾರಸಿ ಹತ್ತಿ. ಸಾಧಾರಣ ಬೈನಾಕ್ಯುಲರ್ ಇದ್ದರೂ ಸಾಕು. ಚಂದ್ರನ ಮೇಲ್ಭಾಗದಲ್ಲಿ ದುಂಡನೆಯ ದೊಡ್ಡ ಕಪ್ಪು ಬಯಲನ್ನು ಹುಡುಕಿ. ಅದೇ ಇಂಬ್ರಿಯಂ. ಹುಣ್ಣಿಮೆಗೆ ಮೂರು ನಾಲ್ಕು ದಿನ ಮುಂಚೆ ನೋಡಿದರೆ ಅದರ ಅಂಚಿನ ಪರ್ವತಗಳ ನೆರಳೂ ಕಂಡೀತು. ಮೊಲದ ಕಥೆಯನ್ನು ಬಿಡಬೇಕಾಗಿಲ್ಲ. ಅದು ಮಲಗಿರುವ ಬೋಗುಣಿಯ ಕಥೆಯನ್ನೂ ಜೊತೆಗೆ ಹೇಳಿದರಾಯಿತು.