ಕೇಳಲು ತಡವಾಯಿತೇ?

ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಧರ್ಮಕೇಂದ್ರದ ಸಹೋದರಿಯೊಬ್ಬರು ಕಾಗದವೊಂದನ್ನು ಹಿಡಿದು ಬಂದರು. ಒಂಬತ್ತು ವರ್ಷಗಳಿಂದ ಅವರು ಮುಂಜಾನೆಯ ರೈಲಿನಲ್ಲಿ ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿನ ಕಾರ್ಖಾನೆಗೆ ಹೋಗಿಬರುತ್ತಿದ್ದಾರೆ. ತಮ್ಮ ಜೊತೆಗೇ ಸೇರಿ, ಅದೇ ಕೆಲಸ ಮಾಡುವ ಗಂಡಸೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವಾಗ ಅವರ ಸಂಬಳದ ಚೀಟಿ ಕಣ್ಣಿಗೆ ಬಿತ್ತು. ಮೊತ್ತ ತಮ್ಮದಕ್ಕಿಂತ ಹೆಚ್ಚು. "ಫಾದರ್, ಈಗ ಕೇಳಿದರೆ ತಡವಾಯಿತು ಎನ್ನುತ್ತಾರೆಯೇ?"

ಇದೇ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ಅಲಬಾಮಾ ರಾಜ್ಯದ ಗುಡ್‌ಇಯರ್ ಟೈರು ಕಾರ್ಖಾನೆಯಲ್ಲಿ 1979ರಿಂದ 1998ರವರೆಗೆ ದುಡಿದ ಲಿಲ್ಲಿ ಲೆಡ್‌ಬೆಟರ್ ಅವರಿಗೆ, ಸಮಾನ ಹುದ್ದೆಯ ಗಂಡಸರಿಗಿಂತ ತಮಗೆ ಕಡಿಮೆ ಸಂಬಳವೆಂಬುದು ನಿವೃತ್ತಿಯ ಹೊಸ್ತಿಲಲ್ಲಿ, ಹೆಸರಿಲ್ಲದ ಚೀಟಿಯೊಂದರಿಂದ ತಿಳಿಯಿತು. 2007ರಲ್ಲಿ ನ್ಯಾಯಾಲಯವು 5–4ರ ಬಹುಮತದಿಂದ ಅವರ ದಾವೆಯನ್ನು ತಳ್ಳಿಹಾಕಿತು. ಸಂಬಳ ನಿಗದಿಯಾದ 180 ದಿನಗಳೊಳಗೆ ದೂರು ಕೊಡಬೇಕಿತ್ತಂತೆ! ತಿಳಿಯದ ಅನ್ಯಾಯವನ್ನು ದೂರುವುದು ಹೇಗೆ? 2009ರಲ್ಲಿ ಅಲ್ಲಿನ ಸಂಸತ್ತು ಅವರ ಹೆಸರಿನಲ್ಲೇ ಕಾಯಿದೆ ತಂದು, ಕಡಿಮೆ ಸಂಬಳ ಕೊಟ್ಟ ಪ್ರತಿ ಸಲವೂ ಗಡುವು ಹೊಸದಾಗಿ ಆರಂಭವಾಗುವಂತೆ ಮಾಡಿತು. ಆಕೆಗೆ ಮಾತ್ರ ಆ ಹಣ ದಕ್ಕಲಿಲ್ಲ.

ಗಡುವೇ ಅನ್ಯಾಯವೆಂದು ನಾನು ಹೇಳಲಾರೆ. ವರ್ಷಗಳು ಉರುಳಿದಂತೆ ಸಾಕ್ಷಿಗಳು ಇಲ್ಲವಾಗುತ್ತಾರೆ, ಲೆಕ್ಕಪುಸ್ತಕಕ್ಕೆ ಗೆದ್ದಲು ಹತ್ತುತ್ತದೆ. ಆದರೆ ಹಕ್ಕುಳ್ಳವನು ಅರಿತೂ ಸುಮ್ಮನಿದ್ದನೆಂಬುದೇ ಗಡುವಿನ ನೈತಿಕ ಆಧಾರ. ಅರಿಯುವ ದಾರಿಯೇ ಇಲ್ಲದಲ್ಲಿ ಆ ಆಧಾರ ಕುಸಿಯುತ್ತದೆ. ದ್ರಾಕ್ಷಿತೋಟದ ಸಾಮತಿಯಲ್ಲಿ (ಅದರ ಗೂಢಾರ್ಥ ಬೇರೆ, ಇಲ್ಲಿನ ವಿಷಯವಲ್ಲ) ಆಳುಗಳು ಅಂದು ಸಂಜೆಯೇ ಗೊಣಗಿದರು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಕಾಣುತ್ತಿತ್ತು. ಇಂದು ಸಂಬಳ ಸದ್ದಿಲ್ಲದೆ ಬ್ಯಾಂಕಿಗೆ ಬೀಳುತ್ತದೆ. ಧರ್ಮೋಪದೇಶಕಾಂಡದಲ್ಲೂ ಒಂದು ಗಡುವುಂಟು: ಬಡವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಸಲ್ಲಿಸಬೇಕು. ಆ ಗಡುವು ಇರುವುದು ಕೊಡುವವನ ಮೇಲೆ, ಕೇಳುವವನ ಮೇಲಲ್ಲ.

ನಮ್ಮ ದೇಶದಲ್ಲಿ 1976ರ ಸಮಾನ ವೇತನ ಕಾಯಿದೆಯನ್ನು ನೆಚ್ಚಿ ಮುಂಬಯಿಯ ಶೀಘ್ರಲಿಪಿಗಾರ್ತಿ ಆಡ್ರಿ ಡಿಕೋಸ್ಟಾ ಅವರು ಮೆಕಿನನ್ ಮೆಕೆಂಜಿ ಕಂಪನಿಯ ವಿರುದ್ಧ ಹೋರಾಡಿದರು. 1977ರಲ್ಲಿ ಕೆಲಸ ಹೋಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ಗೆಲುವು ದೊರೆತದ್ದು 1987ರಲ್ಲಿ. ತೀರ್ಪು ಬರೆದವರು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಕಾರ್ಮಿಕ ಸಂಘದೊಡನೆ ಒಪ್ಪಂದವಾಗಿದೆ, ಕಂಪನಿಗೆ ಹಣದ ಅಡಚಣೆಯಿದೆ ಎಂಬ ನೆಪಗಳೆರಡೂ ಅವರೆದುರು ನಿಲ್ಲಲಿಲ್ಲ.

ಆ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ 2019ರ ವೇತನ ಸಂಹಿತೆ ಬಂದಿದೆ. ಹಿಂದೆ ವೇತನ ಪಾವತಿ ಕಾಯಿದೆಯಲ್ಲಿ 12 ತಿಂಗಳು, ಕನಿಷ್ಠ ವೇತನ ಕಾಯಿದೆಯಲ್ಲಿ 6 ತಿಂಗಳು ಇದ್ದ ಗಡುವು ಈಗ 3 ವರ್ಷ. ಅರ್ಜಿಯನ್ನು ನೌಕರರೇ ಕೊಡಬಹುದು, ನೋಂದಾಯಿತ ಕಾರ್ಮಿಕ ಸಂಘವೂ ಕೊಡಬಹುದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರವೂ ಉಂಟು. ಇದು ಸ್ವಾಗತಾರ್ಹವೇ. ಆದರೆ ಮೂರು ವರ್ಷದ ಎಣಿಕೆ ಹಕ್ಕು ಹುಟ್ಟಿದ ದಿನದಿಂದ, ತಿಳಿದ ದಿನದಿಂದಲ್ಲ. ಸಕಾರಣವಿದ್ದರೆ ತಡವಾದ ಅರ್ಜಿಯನ್ನೂ ಅಧಿಕಾರಿ ಸ್ವೀಕರಿಸಬಹುದು. ಸಂಬಳ ಗುಟ್ಟಾಗಿತ್ತೆಂಬುದನ್ನು ಅಂಥ ಕಾರಣಗಳಲ್ಲಿ ಮೊದಲನೆಯದೆಂದು ಎಣಿಸಬೇಕೆಂಬುದು ನನ್ನ ವಾದ.

ನಮ್ಮೂರಿಗೆ ಇದು ದೂರದ ಮಾತಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಮನೆಗಳ ಅನ್ನ ಬಹುಮಟ್ಟಿಗೆ ಬೆಂಗಳೂರಿನ ರೈಲನ್ನೇ ಅವಲಂಬಿಸಿದೆ. ಬೇರೆಬೇರೆ ಕಾರ್ಖಾನೆಗಳಿಗೆ ಚದುರಿದವರು ಪರಸ್ಪರರ ಸಂಬಳವನ್ನು ತಿಳಿಯುವುದೆಲ್ಲಿ? ಹೊಲದಲ್ಲಾದರೋ ಗಂಡಾಳು ಕೂಲಿ, ಹೆಣ್ಣಾಳು ಕೂಲಿ ಎಂಬ ಎರಡು ದರ ಬಹಿರಂಗವಾಗಿಯೇ ಉಂಟು. ಅಲ್ಲಿ ಕೊರತೆ ಅರಿವಿನದಲ್ಲ, ಕೇಳುವ ಧೈರ್ಯದ್ದು.

ಸಹೋದರಿಗೆ ನಾನು ಹೇಳಿದ್ದಿಷ್ಟು. ತಪ್ಪು ಸಂಬಳ ತಿಂಗಳಿಗೊಮ್ಮೆ ಮರುಕಳಿಸುವ ಅನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ, ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ, ಒಪ್ಪಿದೆ. ಆದುದರಿಂದ ಬಾಗಿಲು ಮುಚ್ಚಿಲ್ಲ. ಸಂಬಳದ ಚೀಟಿ ಕೊಡುವುದು ಈಗ ಮಾಲೀಕನ ಕರ್ತವ್ಯ. ಅವನ್ನೆಲ್ಲ ಜೋಡಿಸಿಡಿ, ವಕೀಲರನ್ನು ಕಾಣಿ. ಒಂಬತ್ತು ವರ್ಷಗಳಲ್ಲಿ ಕೊನೆಯ ಮೂರರ ಬಗ್ಗೆ ಗಡುವಿನ ಭಯವಿಲ್ಲ. ಉಳಿದ ಆರು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಕೆಲಸಕ್ಕೆ ಕುತ್ತು ಬಂದೀತೆಂದು ಅವರಿನ್ನೂ ಅರ್ಜಿ ಹಾಕಿಲ್ಲ. ಈ ತಿಂಗಳು ಮುಗಿಯುವಾಗ ಮೂರು ವರ್ಷದ ಹಿಂದಿನ ಮತ್ತೊಂದು ತಿಂಗಳು ಗಡುವಿನಾಚೆಗೆ ಸರಿಯುತ್ತದೆ.