ಕೂಲರ್‌ಗೆ ನೀರು ತುಂಬುವ ಮುನ್ನ

ಪುಟಾಣಿಗಳೇ, ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎನ್ನುತ್ತಾ ಓಡಿಹೋಗುತ್ತದಂತೆ! ಆಮೇಲೆ ತುಂಗೆಯ ದಡದ ಶಿವಮೊಗ್ಗದಲ್ಲೂ ಭದ್ರೆಯ ದಡದ ಭದ್ರಾವತಿಯಲ್ಲೂ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತದೆ.

ಕೂಲರಿನ ಗುಟ್ಟು ಅಜ್ಜಿಯ ಮಣ್ಣಿನ ಹೂಜಿಯ ಗುಟ್ಟೇ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ತೇವದ ಗಾಳಿ ಹೊರಹೋಗಲು ಕಿಟಕಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಸೆಕೆ ಹೋಗದು.

ಆದರೆ ನೀರು ತುಂಬುವ ಮೊದಲು ಒಂದು ಕೆಲಸವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ, ತೊಟ್ಟಿಯ ಒಳಗೋಡೆಯಲ್ಲಿ ನೀರಿನ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ಕಪ್ಪು ಚುಕ್ಕೆಯಂಥ ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯದು. ಹೋದ ವರ್ಷದ ಮೊಟ್ಟೆ ಈ ವರ್ಷ ನೀರು ತಾಗಿದಾಗ ಮರಿಯಾಗಬಹುದು! ಆದ್ದರಿಂದ ಬರೀ ನೀರು ಸುರಿದು ತೊಳೆದರೆ ಸಾಲದು. ಬ್ರಷ್ ಹಿಡಿದು ಗಸಗಸ ಉಜ್ಜಬೇಕು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಹಾಗಾಗಿ ಬೇಸಿಗೆ ಮುಗಿಯುವವರೆಗೂ ವಾರಕ್ಕೊಮ್ಮೆ ಹೀಗೆ ಮಾಡಿ: ಮೊದಲು ಅಜ್ಜ ಪ್ಲಗ್ ಕೀಳಲಿ. ಹಳೆಯ ನೀರನ್ನು ಹಿತ್ತಲ ಮಣ್ಣಿಗೆ ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಿ, ಹೊಸ ನೀರು ತುಂಬಿ. ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲೂ ನೀರು ನಿಂತಿದೆಯೇ? ಅಜ್ಜಿಯ ಜೊತೆ ಇವತ್ತೇ ಇಣುಕಿ ನೋಡಿ!